ಮಸ್ಕತ್ತಿನವರ ಮನೆ ಕೀಲಿಕೈ

ಗೌರಾಬಾಯಿಯ ಬಾಯಿ ದೊಡ್ಡದು. ಪುಣೆಯ ಸದಾಶಿವ ಪೇಠದಲ್ಲಿ ಹತ್ತಾರು ಬಿಡಾರಗಳಿದ್ದ ಆ ಹಳೆಯ ವಾಡೆಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಬೆಳಗ್ಗೆ ನಳದಲ್ಲಿ ನೀರು ಬರುವುದಕ್ಕಿಂತ ಮೊದಲು ಆಕೆಯ ದನಿ ಬರುತ್ತಿತ್ತು. ಅಂಥ ಬಾಯಿ ೨೦೦೩ರ ಶ್ರಾವಣದಲ್ಲಿ ಹನ್ನೆರಡು ದಿನ ಮುಚ್ಚಿಕೊಂಡಿತ್ತು ಎಂದರೆ ನಂಬುವವರು ಕಡಿಮೆ. ನಂಬದಿದ್ದರೆ ಬಿಡಲಿ, ನಡೆದದ್ದಂತೂ ನಡೆಯಿತು.

ಆಕೆಯ ಗಂಡ ಸಿದ್ರಾಮಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಅಂಗಡಿ ಮುಚ್ಚಿದ ಮೇಲೆ ವಾಡೆಯ ಕೆಳಗಿನ ಖೋಲಿಯಲ್ಲಿ ಒಂದು ಮೇಜು, ಒಂದು ಫೋನು ಇಟ್ಟುಕೊಂಡು ಮನೆ ಬಾಡಿಗೆಗೆ ಹಿಡಿದುಕೊಡುವ ಏಜೆಂಟನಾದ. ಮಗ ಸಿದ್ದಾರೂಢನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ನೌಕರಿ. ಬೆಳಗ್ಗೆ ಆರರ ಲೋಕಲ್ ರೈಲು ಹಿಡಿಯುವವನು, ಸಂಜೆ ಬಂದರೆ ತಾಟಿನ ಮುಂದೆ ಕೂತು ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತಿದರೆ ಅವ್ವನ ಕಡೆಯೋ ಹೆಂಡತಿಯ ಕಡೆಯೋ ಎಂದು ಹೇಳಬೇಕಾಗುತ್ತಿತ್ತಲ್ಲ, ಅದಕ್ಕೆ.

ಹೆಂಡತಿ ಮಾಧುರಿ ಇಂಡಿ ಊರಿನ ಹುಡುಗಿ, ಬಿ.ಕಾಂ. ಓದಿದವಳು. ಮಾವನ ಮೊಣಕಾಲು ಕೈಕೊಟ್ಟ ವರ್ಷದಿಂದ ಮನೆ ತೋರಿಸಲು ಆಕೆಯೇ ಹೊರಟಿದ್ದಳು. ಜಗಳ ಇದ್ದದ್ದೇ ಅಲ್ಲಿ.

"ಸೊಸಿ ಅಂದ್ರ ಮನಿಯಾಗ ಇರಬೇಕ್ರೀ," ಎಂದು ಗೌರಾಬಾಯಿ ರೊಟ್ಟಿ ಬಡಿಯುತ್ತಲೇ ಗಂಡನಿಗೆ ಹೇಳುತ್ತಿದ್ದಳು. ಪ್ರತಿ ಮಾತಿಗೂ ಒಂದು ಬಡಿತ ಜಾಸ್ತಿ. "ಬಚ್ಚಲ ಎಲ್ಲದ, ಸಂಡಾಸ ಎಲ್ಲದ ಅಂತ ಊರ ಮಂದಿಗೆ ತೋರಿಸ್ಕೋತ ತಿರಗತಾಳ. ನಾ ಇಲ್ಲಿ ಈ ವಯಸ್ಸಿನಾಗ ರೊಟ್ಟಿ ಬಡೀತೀನಿ."

"ನನ್ನ ಕಾಲು ಮೂರನೇ ಮಾಳಿಗಿ ಹತ್ತೂದಿಲ್ಲ. ನೀ ಹತ್ತತೀ ಏನು?"

"ಹತ್ತತೀನಿ. ಯಾಕ ಹತ್ತಬಾರದು?"

"ಹತ್ತಿ ಏನ ಹೇಳ್ತಿ? ಬಾಡಿಗಿ ಎಷ್ಟು ಅಂತ ಕೇಳಿದ್ರ, ನಮ್ಮ ಕಾಲದಾಗ ಇಪ್ಪತ್ತ ರೂಪಾಯಿ ಇತ್ತು ಅಂತೀ. ಬಂದ ಗಿರಾಕಿ ಓಡಿ ಹೋಗ್ತಾನ."

ಮಾಧುರಿಗೆ ನಗು ಬಂತು. ಸೊಸೆ ನಕ್ಕದ್ದು ಅತ್ತೆಗೆ ಕಂಡಿತು. ಅಲ್ಲಿಗೆ ಆ ರಾತ್ರಿಯ ಊಟ ಕೆಟ್ಟಿತು. ಕೊನೆಗೆ ಸಿದ್ರಾಮಪ್ಪನೇ ಪಂಚಾಯಿತಿ ಮಾಡಿದ. ದಸರೆಯ ತನಕ ಮಾಧುರಿ ಕೆಲಸ ನೋಡಲಿ. ಅಷ್ಟರೊಳಗೆ ಮನೆ ಮಾಲೀಕರಿಂದ ಒಂದೇ ಒಂದು ದೂರು ಬಂದರೂ ಆಕೆ ಫೋನು ಮಾವನ ಕೈಗೆ ಕೊಟ್ಟು ಒಲೆ ಮುಂದೆ ಕೂಡಬೇಕು. ಬರದಿದ್ದರೆ ಗೌರಾಬಾಯಿ ಈ ಮಾತು ಮತ್ತೆ ಎತ್ತಬಾರದು.

"ಒಪ್ಪಿದೆ," ಎಂದಳು ಮಾಧುರಿ.

"ನಾನೂ ಒಪ್ಪಿದೆ. ದಸರಾ ಬರ್ಲಿ, ನೋಡ್ತೀನಿ," ಎಂದಳು ಗೌರಾಬಾಯಿ.

ಮಾಧುರಿ ಅಷ್ಟು ಧೈರ್ಯದಿಂದ ಒಪ್ಪಿದ್ದಕ್ಕೆ ಕಾರಣ ಮೋಹನದಾಸ್ ಎನ್ನುವವರು. ಮಂಗಳೂರಿನ ಕಡೆಯವರು, ಹಿಂದೆ ಪುಣೆಯಲ್ಲಿದ್ದು ಈಗ ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದರು. ನವೀ ಪೇಠದಲ್ಲಿ ಅವರದೊಂದು ಫ್ಲ್ಯಾಟು. ಅವರ ಹಿಂದಿನ ಏಜೆಂಟ್ ದೊಡ್ಡ ಪುಣ್ಯಾತ್ಮ. ಮನೆ ಖಾಲಿ ಇದೆ ಎಂದು ಮಸ್ಕತ್ತಿಗೆ ಹೇಳಿ, ಇಲ್ಲಿ ಮದುವೆ ಬೀಗರಿಗೆ ದಿನದ ಲೆಕ್ಕದಲ್ಲಿ ಬಿಡುತ್ತಿದ್ದನಂತೆ. ಹಾಲಿಗೆ ಬಾಯಿ ಸುಟ್ಟುಕೊಂಡ ಮೋಹನದಾಸರು ಈಗ ಮಜ್ಜಿಗೆಯನ್ನೂ ಊದಿ ಕುಡಿಯುವವರಾಗಿದ್ದರು. ಆದರೂ ಮಾಧುರಿಗೆ ಒಂದು ಮಾತು ಹೇಳಿದ್ದರು: ನಮ್ಮ ಮನೆ ನೀವು ಚೆನ್ನಾಗಿ ನೋಡಿಕೊಂಡರೆ, ನಮ್ಮ ಕಂಪನಿಯಲ್ಲೇ ಪುಣೆಯಲ್ಲಿ ಮನೆ ಇರುವವರು ಇನ್ನೂ ನಾಲ್ಕು ಜನ ಇದ್ದಾರೆ, ಅವರನ್ನೂ ನಿಮಗೇ ಹೇಳುತ್ತೇನೆ.

ಆಕೆ ಓಣಿಯ ತುದಿಯ ಸೈಬರ್ ಕೆಫೆಯಲ್ಲಿ ಕೂತು ಅವರಿಗೆ ಒಂದು ಪತ್ರ ಬರೆದಳು. ಪರದೇಶದಲ್ಲಿದ್ದವರು ನಮ್ಮಿಂದ ಏನೇನು ಕೇಳಬಹುದು, ನಾವು ಏನೇನು ಮಾಡುತ್ತೇವೆ ಎಂಬ ಪತ್ರ. ಕಳಿಸುವ ಮೊದಲು ಊಟದ ಹೊತ್ತಿಗೆ ಕನ್ನಡ ಮಾಡಿ ಓದಿದಳು.

"ಬಾಡಿಗಿ ಏಳನೇ ತಾರೀಖಿನ ಒಳಗ ಅವರ ಬ್ಯಾಂಕಿಗೆ. ಕರಾರು ಹನ್ನೊಂದ ತಿಂಗಳದ್ದು. ಬಾಡಿಗಿಗೆ ಬಂದವರ ಕಾಗದಾ ಪೊಲೀಸ್ ಚೌಕಿಗೆ. ಮೂರ ತಿಂಗಳಿಗೊಮ್ಮೆ ಮನಿ ಫೋಟೋ."

"ಫೋಟೋ ಯಾಕ?" ಎಂದ ಸಿದ್ರಾಮಪ್ಪ. "ಮನಿಗೇನ ವರಾ ನೋಡಾಕತ್ತೀ?"

"ಅವರು ದೂರ ಇರ್ತಾರಲ್ರೀ ಮಾವಾರ, ಗ್ವಾಡಿ ಹಸಿ ಹಿಡದದ ಏನು ಅಂತ ಅವರಿಗೆ ಕಾಣಬೇಕು. ನಳಾ ಸೋರೂದು, ಬಲ್ಬ್ ಹೋಗೂದು, ಇಂಥಾ ಸಣ್ಣ ರಿಪೇರಿ ನಾವ ಮಾಡ್ಸೂದು. ದೊಡ್ಡದಿದ್ರ ಅವರನ್ನ ಕೇಳಿ ಮಾಡ್ಸೂದು. ಮನಿ ಖಾಲಿ ಇದ್ದಾಗ ಕೀಲಿಕೈ ನಮ್ಮ ಕಡೆ. ನಾ ಬಿಟ್ರ ಒಳಗ ಯಾರೂ ಕಾಲಿಡೂದಿಲ್ಲ, ಒಂದ ತಾಸೂ ಇಲ್ಲ."

"ಖಾಲಿ ಮನಿಯಾಗ ಏನದ ಅಂತ ಕಾಲಿಡ್ತಾರ?" ಎಂದು ಗೌರಾಬಾಯಿ ಝುಣಕ ಬಡಿಸುತ್ತ ಮೂಗು ಮುರಿದಳು.

ಆಷಾಢದ ಕೊನೆಗೆ ನವೀ ಪೇಠದ ಮನೆ ಖಾಲಿಯಾಯಿತು. ಅಲ್ಲಿದ್ದ ಬ್ಯಾಂಕ್ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಬರುವುದು ಶ್ರಾವಣ ಕಳೆದ ಮೇಲೆ. ಮಾಧುರಿ ಮನೆ ಗುಡಿಸಿ ಒರೆಸಿ ಬರಲು ಹೊರಟಾಗ ಗೌರಾಬಾಯಿ ಸೆರಗು ಸಿಗಿಸಿದಳು. "ನಡಿ, ನಾನೂ ಬರ್ತೀನಿ. ನೀ ಬಳದ್ರ ಮೂಲಿ ಬಿಟ್ಟು ನಡಕಷ್ಟ ಬಳೀತಿ."

ಮೂರನೇ ಮಾಳಿಗೆ ಹತ್ತಿ ಬಾಗಿಲು ತೆಗೆದರೆ, ಆಹಾ, ಏನು ಗಾಳಿ, ಏನು ಬೆಳಕು! ವಾಡೆಯ ಕತ್ತಲೆ ಖೋಲಿಯಲ್ಲಿ ಮೂವತ್ತು ವರ್ಷ ಕಳೆದ ಗೌರಾಬಾಯಿ ಒಂದೊಂದೇ ಕಿಟಕಿ ತೆರೆಯುತ್ತ ನಡೆದಳು. ಅಡಿಗೆಮನೆಯ ಗೂಡಿನಲ್ಲಿ ಮಾಲೀಕರು ಬಿಟ್ಟುಹೋದ ಕೃಷ್ಣನ ಫೋಟೋ ಇತ್ತು. ನಡುಮನೆಯ ಛತ್ತಿನಲ್ಲಿ ತೂಗುಮಣೆ ಹಾಕುವ ನಾಲ್ಕು ಕಬ್ಬಿಣದ ಕೊಂಡಿಗಳಿದ್ದವು. ಆಕೆ ಎರಡನ್ನೂ ನೋಡಿದಳು.

"ದೇವರ ಮುಂದ ಕತ್ತಲಿ ಇಡಬಾರದವಾ. ಅದೂ ಶ್ರಾವಣದಾಗ."

"ಅತ್ತೀ, ಪತ್ರದಾಗ ದೀಪಾ ಇಲ್ಲ," ಎಂದಳು ಮಾಧುರಿ, ಬಕೀಟಿನಲ್ಲಿ ಅರಿವೆ ಹಿಂಡುತ್ತ.

ಪತ್ರದಲ್ಲಿಲ್ಲದಿದ್ದರೆ ದೇವರಿಗೆ ಕಣ್ಣು ಕಾಣುವುದಿಲ್ಲವೇ? ಮರುದಿನದಿಂದ ಗೌರಾಬಾಯಿ ಸಂಜೆಯಾದರೆ "ಮಾರುತಿ ಗುಡಿಗೆ ಹೋಗಿ ಬರ್ತೀನಿ" ಎನ್ನುವುದು, ಕೆಳಗಿನ ಖೋಲಿಯ ಮೊಳೆಯಿಂದ ಕೀಲಿಕೈ ಸೆರಗಿನಲ್ಲಿ ಕಟ್ಟಿಕೊಳ್ಳುವುದು, ನವೀ ಪೇಠಕ್ಕೆ ಹೋಗಿ ದೀಪ ಹಚ್ಚುವುದು, ಗ್ಯಾಲರಿಯಲ್ಲಿ ಸ್ವಲ್ಪ ಗಾಳಿ ಕುಡಿದು ದೀಪ ಶಾಂತವಾದ ಮೇಲೆ ಬರುವುದು. ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ.

ನಾಗಪಂಚಮಿ ಬಂತು. ಗೌರಾಬಾಯಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದಳು. ಪಂಚಮಿಗೆ ತವರಿಗೆ ಹೋಗಬೇಕಾದ ಸೊಸೆ ಯಾರಿಗೋ ಮನೆ ತೋರಿಸಲು ತಳೇಗಾಂವಕ್ಕೆ ಹೋಗಿದ್ದಳು. ಗೆಳತಿಯರಾದ ಸಾವಿತ್ರಿಬಾಯಿ, ಅನುಸೂಯಾ ಉಂಡಿ ತಿನ್ನಲು ಬಂದರು. ಇಬ್ಬರೂ ಗೌರಾಬಾಯಿಯ ವಾರಿಗೆಯವರೇ, ಮೂವರಿಗೂ ಈಗ ತವರಿನಲ್ಲಿ ಕರೆಯುವವರಿಲ್ಲ.

"ಎಂಥಾ ಪಂಚಮಿಯವಾ ಇದು, ಜೋಕಾಲಿ ಇಲ್ಲದ ಪಂಚಮಿ," ಎಂದು ಸಾವಿತ್ರಿಬಾಯಿ ನಿಟ್ಟುಸಿರು ಬಿಟ್ಟಳು. "ಊರಾಗಾಗಿದ್ರ ಬೇವಿನ ಗಿಡಕ್ಕ ಕಟ್ತಿದ್ವಿ. ಈ ಪೇಠದಾಗ ಜೋಕಾಲಿ ಎಲ್ಲಿ ಕಟ್ಟೂದು, ಲೈಟಿನ ಕಂಬಕ್ಕೇನು?"

ಗೌರಾಬಾಯಿಯ ಬಾಯಿ ಎಂದೆನಲ್ಲ. ತಡೆಯಲಿಲ್ಲ.

"ನನಗೊಂದು ಜಾಗಾ ಗೊತ್ತದ," ಎಂದಳು.

ಮಂಡಯಿ ಮಾರ್ಕೆಟ್ಟಿನಲ್ಲಿ ಹಗ್ಗ ಕೊಂಡು, ಮಸ್ಕತ್ತಿನವರ ಮನೆಯ ಬಾಗಿಲು ತೆಗೆದು, ಸ್ಟೂಲಿನ ಮೇಲೆ ಅನುಸೂಯಾಳನ್ನು ಹತ್ತಿಸಿ ಕೊಂಡಿಗೆ ಕಟ್ಟಿಸಿ, ಚಾದರ ಮಡಿಸಿ ಹಾಕಿದರು. ಕೊಂಡಿ ಕಿರ್ರೆಂದಿತು. ಗೌರಾಬಾಯಿ ದೀಪದ ಎಣ್ಣೆಯನ್ನೇ ಬಿಟ್ಟಳು. ಮೊದಲು ಕೂತವಳೂ ಆಕೆಯೇ. ಐವತ್ತೇಳು ವರ್ಷದ ಹೆಂಗಸು, ಹಿಂದಿನಿಂದ ಇಬ್ಬರು ನೂಕಿದರು, ಸೀರೆ ಗಾಳಿಗೆ ಹಾರಿತು, ಕಾಲು ಎದುರಿನ ಗೋಡೆಯ ತನಕ ಹೋಗಿ ಬಂತು. "ಇನ್ನೂ ಜೋರಾಗಿ ನೂಕ್ರೇ! ಉಂಡಿ ತಿಂದೀರಿಲ್ಲೋ?" ಎಂದು ಕೂಗಿದಳು. ಅನುಸೂಯಾ ಪಂಚಮಿ ಹಾಡು ಎತ್ತಿದಳು, ಸಾವಿತ್ರಿಬಾಯಿ ಮರೆತ ಸಾಲಿಗೆಲ್ಲ ತನ್ನದೇ ಸಾಲು ಸೇರಿಸಿದಳು, ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯಾಗಿ ಪುಣೆಗೆ ಬಂದ ಮೇಲೆ ಗೌರಾಬಾಯಿಗೆ ಇಷ್ಟು ಸಂತೋಷ ಆದದ್ದು ಆಕೆಗೇ ನೆನಪಿರಲಿಲ್ಲ.

ಕೆಳಗಿನ ಫ್ಲ್ಯಾಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಬಾಳಕೃಷ್ಣ ಕಾಕಾ ಮಧ್ಯಾಹ್ನದ ನಿದ್ದೆಗೆ ಮಲಗಿದ್ದರು. ತಲೆಯ ಮೇಲೆ ಛತ್ತು ಗುಡುಗಿತು. ಅವರು ಮೇಲೆ ಬಂದು ಬಾಗಿಲು ಬಡಿಯಲಿಲ್ಲ. ಸರಿಯಾದ ಮನುಷ್ಯ, ನೇರವಾಗಿ ಮಸ್ಕತ್ತಿಗೇ ಫೋನು ಹಚ್ಚಿದರು.

ಎರಡು ದಿನದ ಮೇಲೆ ಮೋಹನದಾಸರ ಫೋನು ಬಂತು. ಗೌರಾಬಾಯಿ ಕೆಳಗಿನ ಖೋಲಿಗೆ ಚಹಾ ತಂದಿದ್ದಳು. ಮಾಧುರಿ ಕಿವಿಯಿಂದ ರಿಸೀವರು ದೂರ ಹಿಡಿಯುವಷ್ಟು ಜೋರು ದನಿ.

"ನೋಡಿ, ನಿಮ್ಮನ್ನು ನಾನು ನಂಬಿದ್ದೆ. ದಿನಾ ಸಂಜೆ ನನ್ನ ಮನೆಯಲ್ಲಿ ದೀಪ ಉರಿಯುತ್ತದಂತೆ. ಶನಿವಾರ ಒಂದು ಗುಂಪು ಹೆಂಗಸರು ಬಂದು ಕುಣಿದು ಹೋದರಂತೆ. ನೀವು ಸಹ ದಿನದ ಬಾಡಿಗೆ ಶುರು ಮಾಡಿದ್ದಾ?"

"ಇಲ್ಲ ಸರ್! ದೇವರಾಣಿ ಇಲ್ಲ! ಒಳಗ ಯಾರೂ ಹೋಗಿಲ್ಲ ಸರ್!"

"ಹೆಂಡತಿ ಲೀಲಾಕ್ಷಿ ಮುಂಬೈಗೆ ಬರ್ತಾ ಇದ್ದಾಳೆ. ಈ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಪುಣೆಗೆ ಬರ್ತಾಳೆ. ಕೀಲಿಕೈ ಅವಳ ಕೈಗೆ ಕೊಟ್ಟುಬಿಡಿ. ಸಾಕು ನಮಗೆ."

ಗೌರಾಬಾಯಿ ಚಹಾದ ಬಶಿ ಮೇಜಿನ ಮೇಲಿಟ್ಟಳು. ಬಾಯಿ ತೆರೆಯಿತು. ಹಾಗೇ ಮುಚ್ಚಿಕೊಂಡಿತು. ಅಲ್ಲಿಂದ ಆ ಹನ್ನೆರಡು ದಿನ ಶುರು.

ಮಾಧುರಿ ಬ್ಯಾಂಕ್ ಅಧಿಕಾರಿಯ ಮೇಲೆ ಸಂಶಯಪಟ್ಟಳು. ಆತ ಇನ್ನೊಂದು ಕೀಲಿಕೈ ಮಾಡಿಸಿ ಯಾರಿಗೋ ಕೊಟ್ಟಿರಬೇಕು. ಅಳುತ್ತಲೇ ಹೋಗಿ ಕೀಲಿ ಬದಲಾಯಿಸಿ ಬಂದಳು. ಮಾರನೆಯ ದಿನ ಗೌರಾಬಾಯಿ ಎದ್ದಾಗ ಒಲೆಯ ಮುಂದೆ ಸೊಸೆ ಕೂತಿದ್ದಳು, ರೊಟ್ಟಿ ಬುಟ್ಟಿ ಅರ್ಧ ತುಂಬಿತ್ತು.

"ನೀವು ಹೇಳಿದ್ದ ಖರೆ ಆತ್ರಿ ಅತ್ತಿ. ಕಂಪ್ಲೇಂಟ್ ಬಂತು. ಫೋನು ಮಾವಾರಿಗೆ ಕೊಟ್ಟೀನಿ," ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ಗೌರಾಬಾಯಿ ತಡೆದುಕೊಳ್ಳುತ್ತಿದ್ದಳು. ಮಾಧುರಿ ಸಣ್ಣ ದನಿಯಲ್ಲಿ ಹೇಳಿದಳು.

ಬೇಕೆಂದದ್ದು ಸಿಕ್ಕಿತು. ಸಿಕ್ಕಿದ್ದು ಗಂಟಲಲ್ಲಿ ಇಳಿಯಲಿಲ್ಲ. ಸೊಸೆ ಬಡಿದ ರೊಟ್ಟಿ ತೆಳ್ಳಗೆ, ದುಂಡಗೆ, ಒಂದಕ್ಕೊಂದು ಅಚ್ಚು ಹಾಕಿದಂತೆ. ಗೌರಾಬಾಯಿ ಅರ್ಧ ತಿಂದು ಏಳುತ್ತಿದ್ದಳು. ಒಂದು ದಿನ ಏನೂ ತೋಚದೆ ಹೋಳಿಗೆ ಮಾಡಿದಳು. ಮರುದಿನ ಮಾಧುರಿಗೆ ಪ್ರೀತಿ ಎಂದು ಗಾರಿಗಿ ಕರಿದಳು.

"ಇವತ್ತ ಯಾವ ಹಬ್ಬ?" ಎಂದ ಸಿದ್ರಾಮಪ್ಪ.

"ಶ್ರಾವಣದಾಗ ದಿನಾ ಹಬ್ಬ. ತಿನ್ರಿ ಸುಮ್ನ."

"ಅವ್ವಾ, ನಿನಗ ಆರಾಮಿಲ್ಲೇನು?" ಎಂದು ಸಿದ್ದಾರೂಢ ತಾಟಿನಿಂದ ತಲೆ ಎತ್ತಿ ಕೇಳಿದ. "ಮೂರು ದಿನಾತು ನೀ ಯಾರಿಗೂ ಬೈದಿಲ್ಲ."

ಸಾವಿತ್ರಿಬಾಯಿಯ ಹತ್ತಿರ ಹೋಗಿ ಹೊಟ್ಟೆಯಲ್ಲಿದ್ದದ್ದನ್ನು ಹೇಳಿಕೊಂಡರೆ ಆಕೆ, "ಸುಮ್ನಿರ, ನೀ ಹೇಳದಿದ್ರ ಯಾರಿಗೆ ಗೊತ್ತಾಗ್ತದ? ಸೊಸಿ ಮನಿಯಾಗ ಉಳದ್ಲು, ನಿನಗ ಬೇಕಾಗಿದ್ದ ಅದ ಅಲ್ಲ?" ಎಂದಳು. ಈ ಮಾತು ಗೌರಾಬಾಯಿಗೆ ಕೆನ್ನೆಗೆ ಹೊಡೆದಂತಾಯಿತು. ಎಲ್ಲರೂ ಹಾಗೇ ತಿಳಿಯುತ್ತಾರೆ, ಬೇಕೆಂದೇ ಮಾಡಿದಳು ಎಂದು. ಅಷ್ಟು ಕೆಟ್ಟ ಅತ್ತೆಯೇ ತಾನು? ಬಾಯಿ ಜೋರಿರಬಹುದು. ಆದರೆ ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕಿದವಳಲ್ಲ. ಮನೆಗೆ ಬಂದಾಗ ಮಾಧುರಿ ಮಸ್ಕತ್ತಿನವರ ಮನೆಯ ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ಜೋಡಿಸುತ್ತಿದ್ದಳು, ಒಂದೊಂದನ್ನೂ ಕೈಯಿಂದ ಸವರಿ. ಗೌರಾಬಾಯಿ ಅಡಿಗೆಮನೆಗೆ ಹೋಗಿ ಅತ್ತಳು.

ಭಾನುವಾರ ಮಾಧುರಿ ಚೀಲ ಹಿಡಿದು ಹೊರಟಳು. ಗೌರಾಬಾಯಿ ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನೀವು ಯಾಕ್ರೀ ಅತ್ತಿ?"

"ಬರ್ತೀನಿ ಅಂದ್ರ ಬರ್ತೀನಿ. ಕೇಳಬ್ಯಾಡ."

ಲೀಲಾಕ್ಷಿ ಎತ್ತರದ ಹೆಂಗಸು. ಹೆಚ್ಚು ಮಾತಿಲ್ಲದೆ ಮನೆಯೆಲ್ಲ ನೋಡಿದಳು. ನಳ ತಿರುಗಿಸಿದಳು, ಸಿಂಕಿನ ಕೆಳಗೆ ಬಗ್ಗಿದಳು, ಲೈಟ್ ಬಿಲ್ಲಿನ ರಸೀದಿ, ಸೊಸೈಟಿಯ ರಸೀದಿ, ಹಳೆಯ ಫೋಟೋ ಎಲ್ಲ ತಾಳೆ ಹಾಕಿದಳು. ಒಂದರಲ್ಲೂ ತಪ್ಪು ಸಿಗಲಿಲ್ಲ. ಬಾಳಕೃಷ್ಣ ಕಾಕಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ಲೀಲಾಕ್ಷಿ ತಲೆ ಎತ್ತಿ ಕೊಂಡಿಗಳನ್ನು ನೋಡಿದಳು.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು?"

ಮಾಧುರಿ ಕಣ್ಣು ಕಣ್ಣು ಬಿಟ್ಟಳು. "ಎಣ್ಣಿ? ನನಗ ಗೊತ್ತಿಲ್ಲ ಮೇಡಂ..."

"ನಾನು," ಎಂದಳು ಗೌರಾಬಾಯಿ.

ಹನ್ನೆರಡು ದಿನ ಕಟ್ಟಿದ್ದ ಬಾಯಿ ಒಡೆಯಿತು ನೋಡಿ, ನಿಲ್ಲಲೇ ಇಲ್ಲ. "ನಾನ ಯವ್ವಾ. ದಿನಾ ಬಂದು ದೇವರಿಗೆ ದೀಪಾ ಹಚ್ಚಾಕಿ ನಾನ. ಪಂಚಮಿ ದಿನ ಜೋಕಾಲಿ ಕಟ್ಟಿ ಆಡಿದಾಕಿನೂ ನಾನ. ಕುಣಿದಿಲ್ಲ, ಈ ಕಾಕಾರು ಅದೊಂದು ಸುಳ್ಳ ಹೇಳ್ಯಾರ, ಜೋಕಾಲಿ ಆಡೀವಿ, ಕಾಲು ಗ್ವಾಡಿಗೆ ಹತ್ತೂಹಂಗ. ಜತೀಗೆ ನನ್ನ ವಾರಿಗೀಯವರು ಇಬ್ಬರು. ಒಂದು ಪೈಸಾ ಯಾರ ಕಡಿಂದನೂ ತಗೊಂಡಿಲ್ಲ. ಇಕಿ ಪತ್ರದಾಗ ಬರದಿದ್ಲು, ಯಾರೂ ಕಾಲಿಡೂದಿಲ್ಲ ಅಂತ. ಕೇಳಿಸಿಕೊಂಡಾಕಿನೂ ನಾನ, ಕಾಲಿಟ್ಟಾಕಿನೂ ನಾನ. ಇಕಿಗೆ ಏನೂ ಗೊತ್ತಿಲ್ಲ. ನನ್ನ ಬೈರಿ, ಇಕೀ ಕೆಲಸಾ ಕಸಗೋಬ್ಯಾಡ್ರಿ."

ಮಾಧುರಿ ಅತ್ತೆಯ ಮುಖವನ್ನೇ ನೋಡಿದಳು. ಆ ನೋಟ ಗೌರಾಬಾಯಿಗೆ ಎದುರಿಸಲಾಗಲಿಲ್ಲ. ಹನ್ನೆರಡು ದಿನ! ಎನ್ನುತ್ತಿತ್ತು ಅದು. ಆದರೆ ಸೊಸೆ ಲೀಲಾಕ್ಷಿಯ ಕಡೆ ತಿರುಗಿದಾಗ ದನಿ ಗಟ್ಟಿಯಾಗಿತ್ತು.

"ಮೇಡಂ, ಅವರು ಮಾಡಿದ್ರೂ ತಪ್ಪು ನನ್ನದ. ಕೀಲಿಕೈ ನನ್ನ ಕಡೆ ಇರಬೇಕಿತ್ತು, ಮೊಳಿ ಮ್ಯಾಲ ಅಲ್ಲ. ಸರ್‌ಗೆ ಯಾರೂ ಹೋಗಿಲ್ಲ ಅಂದೆ, ಅದು ಸುಳ್ಳಾತು. ನಾನ ಇವತ್ತ ಬರದು ಹೇಳ್ತೀನಿ. ಇದು ಕೀಲಿಕೈ, ಇವು ಕಾಗದಾ. ನೋಡಿ ತಗೋರಿ."

ಲೀಲಾಕ್ಷಿ ಕೀಲಿಕೈ ಕೈಗೆ ತೆಗೆದುಕೊಂಡಳು.

"ನನಗೆ ಸಿಟ್ಟು ಬಂದಿದೆ ಅಮ್ಮ, ಬಂದಿಲ್ಲ ಅಂತ ಹೇಳುವುದಿಲ್ಲ," ಎಂದಳು ಲೀಲಾಕ್ಷಿ. "ಎಂಟು ವರ್ಷದಲ್ಲಿ ಮೂರು ಏಜೆಂಟರು. ಫೋನು ಮಾಡಿದರೆ ಎಲ್ಲ ಚೆನ್ನಾಗಿದೆ ಮೇಡಂ, ಚೆನ್ನಾಗಿದೆ ಮೇಡಂ. ಬಂದು ನೋಡಿದರೆ ಗೋಡೆಯಲ್ಲಿ ಹಾವಸೆ. ದೂರ ಇದ್ದವರಿಗೆ ಏಜೆಂಟರಿಂದ ಬೇಕಾದ್ದು ಎಂತ ಗೊತ್ತುಂಟಾ? ಆದದ್ದನ್ನು ಆದ ಹಾಗೆ ಹೇಳುವುದು. ಇವತ್ತಿನವರೆಗೆ ಒಬ್ಬರೂ ಹೇಳಿರಲಿಲ್ಲ. ಇವತ್ತು ಒಂದೇ ದಿನ ಇಬ್ಬರು ಹೇಳಿದಿರಿ."

ಆಕೆ ಮಾಧುರಿಯ ಕೈ ಹಿಡಿದು ಕೀಲಿಕೈ ಅದರಲ್ಲಿಟ್ಟು ಬೆರಳು ಮುಚ್ಚಿದಳು. "ನಿಮ್ಮ ಕೈಗೆ ಮಾತ್ರ. ಅತ್ತೆಯವರ ಕೈಗೆ ಕೊಡಬೇಡಿ."

"ಕೊಡೂದಿಲ್ಲ ಮೇಡಂ."

"ಕೊಟ್ರೂ ನಾ ತಗೊಳ್ಳೂದಿಲ್ಲ!" ಎಂದಳು ಗೌರಾಬಾಯಿ. ಲೀಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಬಾಳಕೃಷ್ಣ ಕಾಕಾ ಮರಾಠಿಯಲ್ಲಿ ಏನೋ ಗೊಣಗಿದರು, ಮುಂದಿನ ವರ್ಷವಾದರೂ ಊಟದ ನಂತರದ ಹೊತ್ತು ಬಿಟ್ಟು ಆಡಿ ಎಂದು ಅದರ ಅರ್ಥ.

ದಾರಿಯಲ್ಲಿ ಮಾಧುರಿ ಬಿರಬಿರನೆ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ನಿಂತಳು.

"ಹನ್ನೆರಡ ದಿನಾ ಸುಮ್ನ ಕುಂತ್ರೇನ್ರಿ ಅತ್ತಿ?"

"ಕುಂತೆ. ಬುದ್ಧಿ ಇರ್ಲಿಲ್ಲ. ನಿನ್ನ ಮುಖಾ ನೋಡಿ ಹೇಳಾಕ ಧೈರ್ಯ ಆಗ್ಲಿಲ್ಲವಾ."

"ನನಗೂ ಒಂದು ಮಾತು ಹೇಳಿದ್ರ..." ಮಾಧುರಿ ಚೀಲ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಸ್ವಲ್ಪ ಹೊತ್ತಿಗೆ ತುಟಿಯ ಮೂಲೆ ಅಲುಗಿತು. "ಖರೇನ ಕಾಲು ಗ್ವಾಡಿಗೆ ಹತ್ತಿತ್ತೇನ್ರಿ?"

"ಹತ್ತಿತ್ತು ನೋಡ!" ಎಂದಳು ಗೌರಾಬಾಯಿ. ಬೀದಿಯಲ್ಲಿ ನಿಂತು ಅತ್ತೆ ಸೊಸೆ ನಕ್ಕದ್ದನ್ನು ರಿಕ್ಷಾದವರು ತಿರುಗಿ ನೋಡಿದರು.

ದಸರೆಯ ಹೊತ್ತಿಗೆ ಮಸ್ಕತ್ತಿನಿಂದ ಇನ್ನೂ ಎರಡು ಮನೆ ಬಂದವು. ಸಿದ್ರಾಮಪ್ಪ ದೂರು ಬಂದರೆ ಸೊಸೆ ಒಲೆ ಮುಂದೆ ಎಂಬ ಪಂಚಾಯಿತಿಯ ಮಾತು ನೆನಪಿಸಲು ಬಾಯಿ ತೆರೆದಾಗ ಹೆಂಡತಿ ತಟ್ಟನೆ ಆತನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಆತ ಡಾಕ್ಟರ ಹತ್ತಿರ ಹೋಗಿದ್ದ. ಕೆಳಗಿನ ಖೋಲಿಯ ಫೋನು ಒಂದೇ ಸಮ ಹೊಡೆದುಕೊಂಡಿತು. ಗೌರಾಬಾಯಿ ಹಿಟ್ಟಿನ ಕೈಯಲ್ಲೇ ಇಳಿದು ಎತ್ತಿದಳು.

"ನಮಸ್ಕಾರ, ಮಸ್ಕತ್ತಿನಿಂದ ಮಾತಾಡ್ತಿದ್ದೇನೆ. ಮೋಹನದಾಸ್ ನಂಬರ್ ಕೊಟ್ಟರು. ಏಜೆಂಟ್ ಸಾಹೇಬರು ಇದ್ದಾರಾ?"

"ಸಾಹೇಬರ ಅಲ್ರಿ, ಬಾಯಾರು. ನನ್ನ ಸೊಸಿ. ಮನಿ ತೋರ್ಸಾಕ ಹೋಗ್ಯಾಳ."

"ಹೌದಾ? ಕೋಥ್ರೂಡ್‌ನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಅವರಿಗೆ ಕೊಟ್ಟರೆ ನಮಗೆ ಏನೇನು ಮಾಡಿಕೊಡ್ತಾರೆ?"

ಗೌರಾಬಾಯಿಗೆ ಪತ್ರದ ಒಂದು ಸಾಲೂ ಬಾಯಿಗೆ ಬರಲಿಲ್ಲ. ಆದರೂ ತಡವರಿಸಲಿಲ್ಲ.

"ತಪ್ಪಾದ್ರ ತಪ್ಪಾತು ಅಂತ ಹೇಳ್ತಾಳ್ರಿ. ತನ್ನವರು ಮಾಡಿದ್ರೂ ಮುಚ್ಚೂದಿಲ್ಲ, ಮ್ಯಾಲ ಹೊತಗೋತಾಳ. ಉಳದದ್ದು ಆಕಿ ಬಂದ ಮ್ಯಾಲ ಆಕಿನ್ನ ಕೇಳ್ರಿ. ಬರೂದು ತಡಾ ಆಗ್ತದ."

ಆ ಕಡೆಯವರು ನಕ್ಕರು. "ಸರಿಯಮ್ಮ. ಅಂದಹಾಗೆ ಆಫೀಸಿನಲ್ಲಿ ನೀವು ಏನು ಕೆಲಸ ನೋಡ್ತೀರಿ?"

"ನಾನೇನ್ರಿ?" ಎಂದಳು ಗೌರಾಬಾಯಿ, ವಾಡೆಗೆಲ್ಲ ಕೇಳುವ ಹಾಗೆ. "ನಾ ಆಕಿ ಅತ್ತಿ. ಮನಿಯಾಗ ರೊಟ್ಟಿ ಬಡೀತೀನಿ."